ಸ್ವೀಡನ್‌ನಲ್ಲಿ ಎಲ್ಲರೂ ಸಮಾನರಾ?

"ಅಮೆರಿಕದಲ್ಲಿ ದುಡ್ಡೆಲ್ಲ ಕೆಲವರ ಕೈಯಲ್ಲಿದೆ, ಸ್ವೀಡನ್‌ನಲ್ಲಿ ಎಲ್ಲರಿಗೂ ಸಮಪಾಲು ಅಲ್ವಾ?" ತೆರಿಗೆ, ಸಂಬಳದ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳುತ್ತಾರೆ. ಅರ್ಧ ಮಾತ್ರ ನಿಜ.

ಸ್ವೀಡನ್‌ನಲ್ಲಿ ಹೆಚ್ಚುಕಮ್ಮಿ ಸಮವಾಗಿರುವುದು ಸಂಬಳ. ಆಸ್ತಿ ಅಲ್ಲ. ಕೆಲವು ಅಂದಾಜುಗಳಲ್ಲಿ ಆಸ್ತಿಯ ಅಂತರ ಅಮೆರಿಕದ ಹತ್ತಿರಕ್ಕೇ ಬರುತ್ತದೆ. ವಾಲೆನ್‌ಬರ್ಗ್ ಮನೆತನವನ್ನು ನೋಡಿ. 1856ರಲ್ಲಿ ಒಂದು ಬ್ಯಾಂಕ್ ಶುರುಮಾಡಿದವರು. ಇವತ್ತಿಗೂ ಎರಿಕ್ಸನ್, ಅಟ್ಲಾಸ್ ಕಾಪ್ಕೋದಂಥ ಕಂಪನಿಗಳ ಮೇಲೆ ಅವರ ಹಿಡಿತ ಇದೆ. ಸ್ವೀಡನ್ 2004ರಲ್ಲಿ ಪಿತ್ರಾರ್ಜಿತ ಆಸ್ತಿ ಮೇಲಿನ ತೆರಿಗೆ ತೆಗೆಯಿತು, 2007ರಲ್ಲಿ ಸಂಪತ್ತಿನ ತೆರಿಗೆ. ತೆರಿಗೆಯ ಜೊತೆಗೇ ಯಾರ ಬಳಿ ಎಷ್ಟಿದೆ ಎಂಬ ಸರ್ಕಾರಿ ಲೆಕ್ಕವೂ ನಿಂತಿತು! ಅಮೆರಿಕದಲ್ಲಿ ಭಾರಿ ಆಸ್ತಿ ಬಿಟ್ಟು ಸತ್ತರೆ ಈಗಲೂ ತೆರಿಗೆ ಕಟ್ಟಬೇಕು. 2012ರಲ್ಲಿ ಸ್ವೀಡನ್‌ನ ಅರ್ಥಶಾಸ್ತ್ರಜ್ಞರೇ ಇನ್ನೊಂದು ವಿಷಯ ತೋರಿಸಿದರು. ತೀರಾ ಮೇಲ್ತುದಿಯ ಶ್ರೀಮಂತರ ಮನೆಗಳಲ್ಲಿ ಅಪ್ಪನ ಆದಾಯದ ಮೇಲುಗೈ ಬಹುಪಾಲು ಹಾಗೇ ಮಗನಿಗೆ ದಾಟುತ್ತದೆ.

ಆದರೆ ಆಸ್ತಿ ಲೆಕ್ಕವನ್ನು ಪೂರ್ತಿ ನಂಬಬೇಡಿ. ಸ್ವೀಡನ್‌ನ ಸಾಮಾನ್ಯ ನೌಕರ ಮಗಳ ಕಾಲೇಜ್ ಫೀಸಿಗೆ, ಆಸ್ಪತ್ರೆ ಬಿಲ್ಲಿಗೆ ಅಂತ ಕೂಡಿಡಬೇಕಿಲ್ಲ. ಅವನಿಗೆ ಬರಲಿರುವ ಸರ್ಕಾರಿ ಪಿಂಚಣಿ ಆಸ್ತಿಯ ಲೆಕ್ಕಕ್ಕೆ ಸೇರುವುದಿಲ್ಲ, ಮನೆ ಸಾಲ ಸೇರುತ್ತದೆ. ಹಾಗಾಗಿ ಕಾಗದದ ಮೇಲೆ ಬಡವನಾಗಿ ಕಾಣುತ್ತಾನೆ. ಅಮೆರಿಕದವನು ನಿವೃತ್ತಿಗೆ ಕೂಡಿಟ್ಟ 401ಕೆ ಹಣ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಬಡ ಮನೆಯ ಮಗು ಎಲ್ಲಿ ಮೇಲೆ ಬರುತ್ತದೆ ಅಂದರೆ, ನನ್ನ ಉತ್ತರ ಸ್ವೀಡನ್. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಓಇಸಿಡಿ ಒಕ್ಕೂಟದ 2018ರ ವರದಿಯ ಅಂದಾಜಿನಲ್ಲಿ ಕಡಿಮೆ ಆದಾಯದ ಕುಟುಂಬ ದೇಶದ ಸರಾಸರಿ ಮುಟ್ಟಲು ಸ್ವೀಡನ್‌ನಲ್ಲಿ 3 ತಲೆಮಾರು ಬೇಕು, ಅಮೆರಿಕದಲ್ಲಿ 5. (ಭಾರತದಲ್ಲಿ 7. ಸುಮ್ನೆ ಹೇಳಿದೆ.) ಅಮೆರಿಕದೊಳಗೂ ಊರಿಂದ ಊರಿಗೆ ಫರಕು ಜಾಸ್ತಿ. ಅಲ್ಲಿನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತಂಡದ ಲೆಕ್ಕದಲ್ಲಿ, ಆದಾಯದ ಕೊನೆಯ ಐದನೇ ಒಂದು ಭಾಗದಲ್ಲಿ ಹುಟ್ಟಿ ಮೊದಲ ಐದನೇ ಒಂದು ಭಾಗಕ್ಕೆ ಬಂದವರು ಶಾರ್ಲೆಟ್‌ನಲ್ಲಿ 100ಕ್ಕೆ 4.4, ಸಿಲಿಕಾನ್ ವ್ಯಾಲಿಯ ಸ್ಯಾನ್ ಹೋಸೆಯಲ್ಲಿ 12.9.

ಸ್ಯಾನ್ ಹೋಸೆ ಅಂದ ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತದೆ: "ನಮ್ಮ ಹುಡುಗರು ಅಲ್ಲಿ ಹೋಗಿ ಕೋಟಿ ಮಾಡಿಲ್ವಾ?" ಮಾಡಿದ್ದಾರೆ. ಆದರೆ ಅವರು ಇಲ್ಲಿ ಇಂಜಿನಿಯರಿಂಗ್ ಮುಗಿಸಿ ಹೋದವರು. ಚೆಟ್ಟಿ ನೋಡಿದ್ದು ಅಮೆರಿಕದ ತೆರಿಗೆ ದಾಖಲೆಯಲ್ಲಿ ಅಪ್ಪ ಅಮ್ಮನ ಆದಾಯ ಇರುವ ಮಕ್ಕಳನ್ನು. ನಮ್ಮ ಹುಡುಗರ ಅಪ್ಪ ಅಮ್ಮ ತೆರಿಗೆ ಕಟ್ಟಿದ್ದು ಇಲ್ಲಿ. ಆ ಲೆಕ್ಕದಲ್ಲಿ ಅವರು ಬರುವುದೇ ಇಲ್ಲ.