ಸೇತುವೆ ಬಿದ್ದ ಮೇಲೆ ಒಂಬತ್ತನೇ ಅಧ್ಯಾಯ

ನಾನು ಬರೆಯುವುದು ಬೆಳಿಗ್ಗೆ ಐದರಿಂದ ಆರೂವರೆ. ಆಮೇಲೆ ದೋಸೆ, ಡಬ್ಬಿ, ಅಂಕೋಲಾದ ಶಾಲೆ. ಉದ್ದ ನೋಟ್‌ಬುಕ್ಕಿನ ಬಲಬದಿಗೆ ಮಾತ್ರ ಬರೆಯುತ್ತೇನೆ, ಎಡಬದಿ ರಿಪೇರಿಗೆ. ಇನ್ನೊಂದು ಚಟ, ಕಥೆಯ ಜಾಗಕ್ಕೆ ಹೋಗಿ ನಿಂತು ಬರದೆ ಒಂದು ಸಾಲೂ ಏಳುವುದಿಲ್ಲ. ಕಥೆಗಾರ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕೂತೇ ಹುಟ್ಟೂರು ಹನೇಹಳ್ಳಿಯ ಕಥೆ ಬರೆದರು. ನನಗೋ, 30 ಚಿಲ್ಲರೆ ಕಿಲೋಮೀಟರ್ ದೂರದ ಕಾರವಾರಕ್ಕೂ ಬಸ್ ಹತ್ತಬೇಕು.

ನನ್ನ ಕಾದಂಬರಿಯ ಒಂಬತ್ತನೇ ಅಧ್ಯಾಯದಲ್ಲಿ ಅಪ್ಪ, ಮಗಳು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಮೇಲೆ ಜಗಳವಾಡುತ್ತಾರೆ. ಅದಕ್ಕೆಂದೇ ಎರಡು ಸಲ ಆ ಸೇತುವೆ ಮೇಲೆ ನಡೆದಿದ್ದೆ. ಲಾರಿ ಹೋದಾಗ ಅಂಗಾಲಿಗೆ ತಾಗುವ ನಡುಕವನ್ನೂ ಬರೆದುಕೊಂಡಿದ್ದೆ.

2024ರ ಆಗಸ್ಟ್ 7, ನಸುಕು. ಅದೇ ಅಧ್ಯಾಯ ತಿದ್ದುತ್ತ ಕೂತಿದ್ದೆ. ಸೇತುವೆ ಪಕ್ಕದ ಕೋಡಿಬಾಗದ ಗೆಳತಿಯ ಫೋನು. "ಸೇತುವೆ ಬಿತ್ತು ಮಾರಾಯ್ತಿ!" ರಾತ್ರಿ ಒಂದರ ಸುಮಾರಿಗೆ ಕುಸಿದಿದೆ, ಒಂದು ಲಾರಿ ಹೊಳೆಗೆ ಬಿದ್ದಿದೆ, ಡ್ರೈವರ್ ಬದುಕಿದ್ದಾನೆ. ನಾನು ಮೊದಲು ಡ್ರೈವರ್ ಬಗ್ಗೆ ಕೇಳಿದೆನೋ, ಸೇತುವೆಯ ಯಾವ ಭಾಗ ಬಿತ್ತು ಅಂತ ಕೇಳಿದೆನೋ ನೆನಪಿಲ್ಲ. ಅವಳಿಗೆ ನೆನಪಿದೆ. ಈಗಲೂ ಹಂಗಿಸುತ್ತಾಳೆ.

ಭಾನುವಾರ ಹೋದೆ. ಡಾಂಬರಿನ ತುಂಡುಗಳು ನೀರಿಗೆ ಬಾಗಿ ನಿಂತಿದ್ದವು. ಚಹಾದಂಗಡಿಯಲ್ಲಿ ಒಬ್ಬ ಅಜ್ಜ ಸಿಕ್ಕಿದರು. ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಓಡಾಡಿದ ಕಾಲದವರು.

"ಸೇತುವೆ ಎಲ್ಲ ಈಗಿನದು, ಅಕ್ಕೋರೇ. ನಾವು ತಾರಿ ದಾಟ್ದವ್ರು. ತಾರಿಲಿ ಹೆಂಡ್ತಿ ಸಂಗ್ತಿಗೆ ಜಗಳ ಆದ್ರೆ ಎಲ್ಲಿ ಹೋಗುದು? ಸದಾಶಿವಗಡ ಬರೂವರೆಗೆ ಬಾಯಿ ಮುಚ್ಕಂಡು ಕೂರುದೇಯ."

ಚಹಾ ಅರ್ಧಕ್ಕೇ ನಿಂತಿತು. ನನ್ನ ಅಧ್ಯಾಯ ಯಾಕೆ ಏದುಸಿರು ಬಿಡುತ್ತಿತ್ತು ಅಂತ ಗೊತ್ತಾಯಿತು. ಸೇತುವೆ ಮೇಲೆ ಸಿಟ್ಟು ಬಂದವರು ಬೆನ್ನು ತಿರುಗಿಸಿ ನಡೆದುಬಿಡಬಹುದು, ಅಲ್ವಾ? ನನ್ನ ಕಥೆಯ ಅಪ್ಪ ನಾಲ್ಕು ಪುಟ ಸುಮ್ನೆ ನಿಂತೇ ಇದ್ದ. ಅವನು ಹೋಗದಿರಲಿ ಅಂತ ನಾನು ಗಾಳಿ, ಲಾರಿ, ನಡುಕ ತುಂಬಿಸಿದ್ದೆ. ತಾರಿಯಲ್ಲಾದರೆ ಅವನು ಎಲ್ಲಿಗೂ ಹೋಗುವಂತಿಲ್ಲ. ಪಕ್ಕದಲ್ಲೇ ಮೀನಿನ ಬುಟ್ಟಿ ಹಿಡಿದವರು ಕಿವಿಗೊಟ್ಟು ಕೂತಿರುತ್ತಾರೆ. ಹಾಗಾಗಿ ಜಗಳ ಪಿಸುಮಾತಿನಲ್ಲೇ ಆಗಬೇಕು. ಮಗಳು "ನಾನು ಬರುದಿಲ್ಲ" ಅನ್ನುವುದನ್ನು ಅಪ್ಪನಿಗಲ್ಲ, ನೀರಿಗೆ ಹೇಳುತ್ತಾಳೆ.

ತೊಂದರೆ ಏನೆಂದರೆ, ಸೇತುವೆ ಬಂದದ್ದು 1983ರ ಸುಮಾರಿಗೆ. ಕಥೆ ಅದಕ್ಕಿಂತ ಹಿಂದೆ ಹೋಗಬೇಕು. ಮಗಳ ಮೊಬೈಲ್ ಹೋಯಿತು. ಎಲ್ಲರ ಹುಟ್ಟಿದ ವರ್ಷ ಬದಲಾಯಿತು. ಎಂಟು ಅಧ್ಯಾಯಗಳ ಎಡಬದಿ ತುಂಬಿ, ಅಂಚಿಗೆ ಚೀಟಿ ಅಂಟಿಸಿದೆ. ಮೂರು ತಿಂಗಳು ಹಿಡಿಯಿತು.

ಚಟ ಮಾತ್ರ ಬಿಡಲಿಲ್ಲ. ಕಾಳಿಯಲ್ಲಿ ಆಗಿನ ತಾರಿ ಎಲ್ಲಿ? ತದಡಿಗೆ ಹೋಗಿ ಅಘನಾಶಿನಿ ಊರಿಗೆ ಹೋಗುವ ತಾರಿ ಹತ್ತಿದೆ. ಮಧ್ಯದಲ್ಲಿ ಎಂಜಿನ್ ಸದ್ದಿಗೆ ಪಿಸುಮಾತು ಕೇಳುವುದೇ ಇಲ್ಲ ಅಂತ ಗೊತ್ತಾಯಿತು. ಅದನ್ನೂ ಬರೆದುಕೊಂಡೆ. ಆಚೆ ದಡದಲ್ಲಿ ಇಳಿಯದೆ ಕೂತೇ ಇದ್ದೆ.

ತಾರಿಯವ ಕೇಳಿದ, "ಏನಾರೂ ಮರ್ತು ಬಂದ್ರಾ?"