ದೊಡ್ಡಮ್ಮ ಹೇಳಿದ ಸಾಕ್ಷಿ

ಮಂಗಳವಾರದಿಂದ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ದೊಡ್ಡಮ್ಮ ಕೋರ್ಟಿನಲ್ಲಿ ಕೇಸು ಕೆಡಿಸಿದರು.’ ಪಕ್ಕದ ತೋಟದವರು ಫೋನ್ ಮಾಡಿ ಹೇಳಿದರು, ಆಲ್ದೂರಿನ ಅಂಗಡಿಯಲ್ಲಿ ಹೇಳಿದರು, ನಮ್ಮ ಮನೆಯವರೇ ಊಟಕ್ಕೆ ಕುಳಿತಾಗ ಹೇಳಿದರು. ದೊಡ್ಡಮ್ಮನ ಜೊತೆ ಚಿಕ್ಕಮಗಳೂರಿಗೆ ಹೋಗಿ, ಸಾಕ್ಷಿ ಕಟಕಟೆಯ ಸಮೀಪದ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳಿದವಳು ನಾನು. ಕೇಸು ಕೆಟ್ಟಿದ್ದರೆ ಅದು ಅವರ ಮಾತಿನಿಂದ ಕೆಟ್ಟಿಲ್ಲ.

ಕಾಳುಮೆಣಸು ಕೆಜಿಗೆ 600 ರೂಪಾಯಿ ದಾಟಿದ್ದ ಹೊತ್ತಿನಲ್ಲಿ ದೊಡ್ಡಮ್ಮನ ಗೋದಾಮಿನ ಬೀಗ ಒಡೆದು ಎರಡು ಚೀಲ ಒಯ್ದಿದ್ದರು. ದೊಡ್ಡಪ್ಪ ಹೋದ ಮೇಲೆ ಒಬ್ಬರೇ ತೋಟ ನಡೆಸುತ್ತಿರುವ ಹೆಂಗಸಿಗೆ ಅದು ಸಣ್ಣ ಪೆಟ್ಟಲ್ಲ. ಬೇರೊಂದು ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ ಅಸ್ಸಾಮಿನ ಹುಡುಗನನ್ನು ಹಿಡಿದರು. ಲೈನ್ ಮನೆಗಳ ಹಿಂದೆ ಟಾರ್ಪಾಲಿನ ಅಡಿಯಲ್ಲಿದ್ದ ಚೀಲಗಳನ್ನು ಅವನೇ ತೋರಿಸಿದನೆಂದು ಮಹಜರು ಹೇಳುತ್ತದೆ. ಮೆಣಸನ್ನು ಮುಚ್ಚಳಿಕೆ ಬರೆಸಿಕೊಂಡು ದೊಡ್ಡಮ್ಮನಿಗೆ ಬಿಟ್ಟುಕೊಟ್ಟಿದ್ದರು. ಮಾದರಿಗೆಂದು ತೆಗೆದ ಒಂದು ಪೊಟ್ಟಣ ಮಾತ್ರ ಸೀಲ್ ಆಗಿ ನ್ಯಾಯಾಲಯದಲ್ಲಿ ಉಳಿದಿತ್ತು.

ಪಾಟೀಸವಾಲಿಗೆ ಎದ್ದವರು ಹುಡುಗನ ಪರವಾಗಿ ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ಬಂದ ಚಿಕ್ಕ ವಯಸ್ಸಿನ ವಕೀಲೆ. ದನಿ ಏರಿಸಲಿಲ್ಲ.

‘ಅಮ್ಮ, ಇದು ಯಾವ ತಳಿಯ ಮೆಣಸು?’

‘ಪಣಿಯೂರು.’

‘ಪಕ್ಕದ ತೋಟದಲ್ಲಿ?’

‘ಅಲ್ಲೂ ಪಣಿಯೂರೇ.’

‘ಚೀಲದ ಮೇಲೆ ನಿಮ್ಮ ಗುರುತು ಏನಾದರೂ ಇತ್ತೇ?’

‘ಇರಲಿಲ್ಲ.’

‘ಹಾಗಾದರೆ ಈ ಮೆಣಸಿಗೂ ಅವರ ಮೆಣಸಿಗೂ ಏನು ವ್ಯತ್ಯಾಸ?’

ದೊಡ್ಡಮ್ಮ ಪೊಟ್ಟಣದಿಂದ ನಾಲ್ಕು ಕಾಳು ಅಂಗೈಗೆ ಸುರಿದುಕೊಂಡರು. ಉಜ್ಜಿದರು. ಮೂಸಿ ನೋಡಿದರು. ‘ಗೊತ್ತಾಗುತ್ತದೆ ಎಂದು ಹೇಳಿಬಿಡಿ’ ಎಂಬಂತೆ ಸರ್ಕಾರಿ ಅಭಿಯೋಜಕರು ಅವರನ್ನೇ ನೋಡುತ್ತಿದ್ದರು. ‘ಏನೂ ವ್ಯತ್ಯಾಸ ಇಲ್ಲಮ್ಮ’ ಎಂದರು ದೊಡ್ಡಮ್ಮ.

ಆ ಮೂಸುವಿಕೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಸುಳ್ಳು ಹೇಳಲು ಅಷ್ಟು ಹೊತ್ತು ಬೇಕಿರಲಿಲ್ಲ. ‘ನನ್ನ ತೋಟದ ಮೆಣಸು ನನಗೆ ಗೊತ್ತಾಗುವುದಿಲ್ಲವೇ?’ ಎಂದು ಗದರಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ; ಇಂದು ಅವರನ್ನು ಬೈಯುವವರೆಲ್ಲ ಹಾಗೆಯೇ ಹೇಳುತ್ತಿದ್ದರು. ಅವರು ನಿಜವಾಗಿಯೂ ಪರೀಕ್ಷಿಸಿ ನೋಡಿ ಉತ್ತರ ಕೊಟ್ಟರು. ಕನ್ನಡ ಬಾರದ ಆ ಹುಡುಗ ಅಷ್ಟೂ ಹೊತ್ತು ಎಲ್ಲರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಯಾರೋ ಹಿಂದಿಯಲ್ಲಿ ಹೇಳಿದ ಮೇಲೆ ದೊಡ್ಡಮ್ಮನ ಕಡೆ ತಿರುಗಿದ.

‘ಕಳ್ಳನನ್ನು ಬಿಡಿಸಲು ಸರ್ಕಾರವೇ ವಕೀಲರನ್ನು ಕೊಡುತ್ತದೆ’ ಎಂದು ನಮ್ಮವರ ಕೋಪ. ರಾತ್ರಿಯೆಲ್ಲ ಕಣ ಕಾಯುವವರ ಸಂಕಟ ನನಗೆ ಗೊತ್ತಿದೆ. ಆದರೆ ಆ ವಕೀಲೆ ಕೇಳಿದ್ದು ಕುಯುಕ್ತಿಯ ಪ್ರಶ್ನೆಯಲ್ಲ. ಕಳವಾದ ಮಾಲು ಕಳವಾದ ಸ್ವಲ್ಪದರಲ್ಲೇ ಒಬ್ಬನ ಬಳಿ ಸಿಕ್ಕಿ, ಅವನು ಲೆಕ್ಕ ಹೇಳದಿದ್ದರೆ ಅವನೇ ಕದ್ದನೆಂದೋ, ಕದ್ದ ಮಾಲೆಂದು ತಿಳಿದೇ ಇಟ್ಟುಕೊಂಡನೆಂದೋ ನ್ಯಾಯಾಲಯ ಊಹಿಸಬಹುದು. ಅದಕ್ಕೆ ಮೊದಲು, ಸಿಕ್ಕಿದ್ದು ಕಳವಾದ ಮಾಲೇ ಎಂಬುದು ಸಾಬೀತಾಗಬೇಕಲ್ಲ? ಪೊಲೀಸರೆದುರು ‘ನಾನೇ ಕದ್ದೆ’ ಎಂದು ಹೇಳಿದ್ದು ಸಾಕ್ಷ್ಯವಾಗುವುದಿಲ್ಲ. ಅವನ ಮಾತಿನಿಂದ ವಸ್ತು ಪತ್ತೆಯಾದರೆ ಆ ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ. ಇಲ್ಲಿ ಪತ್ತೆಯಾದ ಜಾಗ ಹತ್ತಾರು ಸಂಸಾರಗಳು ಓಡಾಡುವ ಬಯಲು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚನೊಬ್ಬ ಅದೇ ದಿನ ಕಟಕಟೆಗೆ ಬಂದು, ತಾನು ಸ್ಥಳಕ್ಕೆ ಹೋಗಿಯೇ ಇಲ್ಲ, ಠಾಣೆಯಲ್ಲಿ ಸಹಿ ಹಾಕಿದೆ ಎಂದ. ಅವನನ್ನು ಯಾರೋ ಕೊಂಡುಕೊಂಡರು ಎನ್ನುತ್ತಾರೆ. ದಿನಗೂಲಿಯಲ್ಲಿ ಬದುಕುವ ಆ ಹುಡುಗನ ಕಡೆ ಕೊಂಡುಕೊಳ್ಳಲು ಯಾರಿದ್ದಾರೆ? 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ತನಿಖೆ, ವಿಚಾರಣೆಯ ಕಾನೂನು) ಪ್ರಕಾರ ಶೋಧ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಈ ಕಡತದಲ್ಲಿ ವಿಡಿಯೊ ಇಲ್ಲ. ಆ ಲೋಪಕ್ಕೆ ಬಾಯಿ ಮುಚ್ಚಿಕೊಂಡಿರುವ ನಮ್ಮವರು ಸತ್ಯ ಹೇಳಿದ ಹೆಂಗಸಿನ ಮೇಲೆ ಎಗರುತ್ತಿದ್ದಾರೆ.

ಅವನೇ ಕದ್ದಿರಬಹುದು. ಕದ್ದಿದ್ದರೆ ಶಿಕ್ಷೆಯಾಗಲಿ; ರಾತ್ರಿ ಬೀಗ ಒಡೆದು ಕಳವಿಗೆ ನುಗ್ಗಿದವನಿಗೆ 14 ವರ್ಷದವರೆಗೂ ಸಜೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅಷ್ಟು ದೊಡ್ಡ ಸಜೆ ತೂಗುತ್ತಿರುವಾಗ ‘ಇದು ಯಾರ ಮೆಣಸು’ ಎಂದು ಕೇಳುವವರು ಒಬ್ಬರಾದರೂ ಇರಬೇಡವೇ?

ಹೊರಗೆ ಪಡಸಾಲೆಯಲ್ಲಿ ತಿಳಿದ ಸಂಗತಿ ಇನ್ನೂ ಕೆಟ್ಟದ್ದು. ಆ ಹುಡುಗನಿಗೆ ಜಾಮೀನು ಮಂಜೂರಾಗಿ ತಿಂಗಳುಗಳೇ ಆಗಿವೆ. ಆದರೂ ಜೈಲಿನಲ್ಲೇ ಇದ್ದಾನೆ, ಏಕೆಂದರೆ ಪಹಣಿ ಹಿಡಿದು ಬಂದು ಜಾಮೀನುದಾರನಾಗಿ ನಿಲ್ಲುವವರು ಇಲ್ಲಿ ಯಾರೂ ಇಲ್ಲ. 1978ರಲ್ಲೇ ಸುಪ್ರೀಂ ಕೋರ್ಟು ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣದಲ್ಲಿ ಇದನ್ನು ನೋಡಿತ್ತು. 10,000 ರೂಪಾಯಿಯ ಜಾಮೀನು ಕೇಳಿ, ಅವನ ಸಹೋದರ ನಿಲ್ಲಲು ಬಂದರೆ ಆಸ್ತಿ ಬೇರೆ ಜಿಲ್ಲೆಯದೆಂದು ಕೆಳಗಿನ ನ್ಯಾಯಾಲಯ ನಿರಾಕರಿಸಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. 2023ರಲ್ಲಿ ಅದೇ ಕೋರ್ಟು, ಜಾಮೀನು ಸಿಕ್ಕಿ ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದು ಎಂದಿತು. ಇಷ್ಟೆಲ್ಲ ಆದ ಮೇಲೂ ಊರು ಬಿಟ್ಟು ಬಂದವನಿಗೆ ನಮ್ಮಲ್ಲಿ ಒಂದು ಪಹಣಿ ಸಿಗುವುದಿಲ್ಲ.

ಇದರಲ್ಲಿ ನಮ್ಮ ಬೆಳೆಗಾರರ ಪಾಲೂ ಇದೆ ಎಂದೇ ನನ್ನ ಅಭಿಪ್ರಾಯ. ಕಾಫಿ ಹಣ್ಣು ಕೊಯ್ಯಲು, ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಇಳಿಸಲು ಇವರನ್ನು ರೈಲು ಹತ್ತಿಸಿ ಕರೆಸಿಕೊಳ್ಳುವವರು ನಾವು. ಆಧಾರ್ ಪ್ರತಿ ನಮ್ಮ ಕಪಾಟಿನಲ್ಲಿರುತ್ತದೆ. ಠಾಣೆಯ ಮೆಟ್ಟಿಲು ಹತ್ತಿದ ದಿನ ಮಾತ್ರ ‘ಅವನು ಯಾರೋ, ಮೇಸ್ತ್ರಿ ಕರೆತಂದವನು’ ಎನ್ನುತ್ತೇವೆ. ಆ ಹುಡುಗನಿದ್ದ ತೋಟದ ಮಾಲೀಕರು ಈವರೆಗೆ ನ್ಯಾಯಾಲಯದ ಕಡೆ ತಲೆ ಹಾಕಿಲ್ಲ. ಅವನು ನಿರಪರಾಧಿ ಎಂದು ಅವರು ಹೇಳಬೇಕಾಗಿಯೂ ಇರಲಿಲ್ಲ. ಕರೆದ ದಿನ ಬರುತ್ತಾನೆ ಎಂದು ಹೊಣೆ ಹೊತ್ತಿದ್ದರೆ ಸಾಕಿತ್ತು.

ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ವಕೀಲೆ ಅರ್ಜಿ ಹಾಕಿದ್ದಾರೆ. ಬರುವ ವಾರ ವಿಚಾರಣೆ. ದೊಡ್ಡಮ್ಮನ ಸಾಕ್ಷಿ ಮುಗಿದಿದೆ, ಅವರು ಹೋಗಬೇಕಾಗಿಲ್ಲ. ಹೋಗುತ್ತೇನೆ ಎಂದಿದ್ದಾರೆ, ನಾನೂ ಹೋಗುತ್ತೇನೆ.