ಆಪರೇಷನ್ ಕೂಸಿನ ಕರುಳು, ಮೊದಲ ಗಂಟೆಯ ಹಾಲು

ಕೊಪ್ಪಳ ಜಿಲ್ಲೆಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿರುವ ನನ್ನನ್ನು ಬಾಣಂತಿಯರ ತಾಯಂದಿರು ಮೇಲಿಂದ ಮೇಲೆ ಕೇಳುವುದುಂಟು: "ಸಿಸ್ಟರ್, ಆಪರೇಷನ್ ಕೂಸಿಗೆ ಶಕ್ತಿ ಕಮ್ಮಿ ಅಂತಾರಲ್ರಿ, ಖರೇನಾ?" ಶಕ್ತಿಯ ಮಾತು ಹಾಗಿರಲಿ, ಕರುಳಿನ ಬ್ಯಾಕ್ಟೀರಿಯಾಗಳ ಮಟ್ಟಿಗೆ ವ್ಯತ್ಯಾಸವಿರುವುದು ನಿಜ.

ಸಹಜ ಹೆರಿಗೆಯ ಶಿಶುಗಳಿಗೆ ತಾಯಿಯ ಯೋನಿಮಾರ್ಗದ ಬ್ಯಾಕ್ಟೀರಿಯಾಗಳೂ ಸಿಸೇರಿಯನ್ ಶಿಶುಗಳಿಗೆ ಚರ್ಮದ ಬ್ಯಾಕ್ಟೀರಿಯಾಗಳೂ ಮೊದಲು ಅಂಟಿಕೊಳ್ಳುತ್ತವೆಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಆದರೆ ಬ್ರಿಟನ್ನಿನ 596 ಶಿಶುಗಳ ಮಲವನ್ನು ಪರೀಕ್ಷಿಸಿದ 2019ರ ಅಧ್ಯಯನದ ಪ್ರಕಾರ, ಕರುಳಿನಲ್ಲಿ ನೆಲೆಯೂರುವುದು ಮುಖ್ಯವಾಗಿ ತಾಯಿಯ ಕರುಳಿನದೇ ಬ್ಯಾಕ್ಟೀರಿಯಾ. ಸಿಸೇರಿಯನ್ ಶಿಶುಗಳಲ್ಲಿ ಕರುಳಿನ ಸಹಜ ನಿವಾಸಿಯಾದ ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಕಡಿಮೆಯಿದ್ದು, ಆಸ್ಪತ್ರೆಗಳಲ್ಲಿ ಕಾಣುವ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾಗಳು ಹೆಚ್ಚಿದ್ದವು. ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಈ ಅಂತರ ಬಹುಮಟ್ಟಿಗೆ ಕುಗ್ಗಿತ್ತು. ಯೋನಿದ್ರವವನ್ನು ಕೂಸಿಗೆ ಸವರಿದರೆ ಹೇಗೆಂದು ಮೊಬೈಲಿನಲ್ಲಿ ನೋಡಿ ಬಂದ ತಂದೆಯಂದಿರೂ ಕೇಳುತ್ತಾರೆ. ಸೋಂಕಿನ ಅಪಾಯವಿರುವುದರಿಂದ ಸಂಶೋಧನೆಯ ಹೊರಗೆ ಅದು ಬೇಡವೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2017ರಲ್ಲೇ ಹೇಳಿದೆ.

ಆಪರೇಷನ್ ಮಾಡುವುದು ಜೀವ ಉಳಿಸಲು, ಅದಕ್ಕೆ ಮುಂಚೆ ಆಂಟಿಬಯಾಟಿಕ್ ಕೊಡುವುದು ತಾಯಿಗೆ ಸೋಂಕಾಗದಿರಲು, ಇವೆರಡನ್ನೂ ಬಿಡುವಂತಿಲ್ಲ. ನಮ್ಮ ಕೈಯಲ್ಲಿರುವುದು ಮೊದಲ ಗಂಟೆ. ಬೆನ್ನಿಗೆ ಅರಿವಳಿಕೆ ಪಡೆದ ತಾಯಿ ಎಚ್ಚರವಾಗಿಯೇ ಇರುವುದರಿಂದ, ಇಬ್ಬರೂ ಆರೋಗ್ಯವಾಗಿದ್ದರೆ, ಹೊಲಿಗೆ ಹಾಕುತ್ತಿರುವಾಗಲೇ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಬಹುದು. ಎದೆಹಾಲಿನ ಕೆಲವು ಸಕ್ಕರೆಗಳು ಕೂಸಿಗೆ ಜೀರ್ಣವಾಗುವುದಿಲ್ಲ; ಅವು ಬಿಫಿಡೊಬ್ಯಾಕ್ಟೀರಿಯಾಗಳ ಆಹಾರ, ಮತ್ತು ಆ ಬ್ಯಾಕ್ಟೀರಿಯಾಗಳು ಕರುಳನ್ನು ಆಮ್ಲೀಯವಾಗಿಸಿ ಕೆಡುಕಿನವುಗಳನ್ನು ಹತ್ತಿಕ್ಕುತ್ತವೆ. ಹಾಲು ಇಳಿದಿಲ್ಲವೆಂದು ನೆಕ್ಕಿಸುವ ಜೇನುತುಪ್ಪದಲ್ಲಿ ಈ ಗುಣವಿಲ್ಲ. ವರ್ಷ ತುಂಬದ ಮಕ್ಕಳಿಗೆ ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯೂ ಬರಬಹುದು.

ಈ ಕೆಲಸದಲ್ಲಿ ನಾನು ಕಲಿತದ್ದೇನೆಂದರೆ, ಜೇನಿನ ತೀರ್ಮಾನ ಬಾಣಂತಿಯದಲ್ಲ, ಅವಳ ತಾಯಿಯದು ಅಥವಾ ಅತ್ತೆಯದು. ಆದ್ದರಿಂದ ಆಪರೇಷನ್ನಿನ ಒಪ್ಪಿಗೆಗೆ ಸಹಿ ಪಡೆಯುವ ಹೊತ್ತಿಗೇ ಆ ಹಿರಿಯರನ್ನು ಪಕ್ಕಕ್ಕೆ ಕರೆದು, ಮೊದಲ ದಿನದ ಗಟ್ಟಿ ಹಳದಿ ಹಾಲು ಕೆಲವೇ ಹನಿ ಬಂದರೂ ಸಾಕೆಂದು ವಿವರಿಸುತ್ತೇನೆ. ಅವರು ಒಪ್ಪಿದರೆ, ಹೊಲಿಗೆಯ ನೋವಿನಲ್ಲಿರುವ ಮಗಳನ್ನು ಮಗ್ಗುಲಿಗೆ ಹೊರಳಿಸಿ ಹಾಲೂಡಿಸಲು ನಮಗಿಂತ ಮೊದಲು ಅವರೇ ಕೈ ಹಾಕುತ್ತಾರೆ.